ಮರೆತ ರೆಕಾರ್ಡ್ ಬುಕ್ ಯಾರು ತಲುಪಿಸಬೇಕು?

ಬೆಳಗ್ಗೆ ಹತ್ತರ ಸುಮಾರಿಗೆ ಯಾವುದಾದರೂ ಹೈಸ್ಕೂಲಿನ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಒಬ್ಬ ಅಪ್ಪ ಸ್ಕೂಟರ್ ಆಫ್ ಮಾಡದೆ ವಾಚ್‌ಮನ್ ಕೈಗೆ ಟಿಫನ್ ಡಬ್ಬಿ ಕೊಡುತ್ತಿರುತ್ತಾರೆ. ಇನ್ನೊಬ್ಬ ಅಮ್ಮ ಆಟೋ ಕಾಯಿಸಿಕೊಂಡೇ ಸೈನ್ಸ್ ರೆಕಾರ್ಡ್ ಬುಕ್ ಚಾಚಿ, "ನೈಂತ್ ಬಿ ಸೆಕ್ಷನ್, ಸ್ವಲ್ಪ ಅರ್ಜೆಂಟು" ಎನ್ನುತ್ತಿರುತ್ತಾರೆ. ಐಡಿ ಕಾರ್ಡು, ಜಾಮೆಟ್ರಿ ಬಾಕ್ಸು, ಪಿ.ಟಿ. ಶೂ, ಎಲ್ಲವೂ ಹೀಗೇ ಒಳಗೆ ಹೋಗುತ್ತವೆ. ವಾಚ್‌ಮನ್‌ಗೆ ಇದು ದಿನದ ಕೆಲಸ.

ಇವರೆಲ್ಲ ಒಳ್ಳೆಯ ಅಪ್ಪ ಅಮ್ಮಂದಿರೇ. ಆಫೀಸಿಗೆ ತಡವಾದರೂ ಪರವಾಗಿಲ್ಲ, ಮಗು ಬೈಸಿಕೊಳ್ಳಬಾರದು ಅಂತ ಓಡಿ ಬಂದವರು. ಆದರೆ ಒಳಗೆ ಕೂತಿರುವ ಹುಡುಗನ ಕಡೆಯಿಂದ ಯೋಚಿಸಿ. ಅವನು ರೆಕಾರ್ಡ್ ಮರೆತ. ಆಫೀಸ್ ರೂಮಿನಿಂದ ಮನೆಗೆ ಒಂದು ಕಾಲ್ ಮಾಡಿದ. ಅರ್ಧ ಗಂಟೆಯಲ್ಲಿ ರೆಕಾರ್ಡ್ ಬಂತು. ಇದರಿಂದ ಅವನು ಕಲಿತದ್ದೇನು? ಮರೆತರೆ ಕಾಲ್ ಮಾಡಬೇಕು ಅಂತ. ಅವನು ದಡ್ಡನಲ್ಲ, ಸೋಮಾರಿಯೂ ಅಲ್ಲ. ಕಣ್ಣೆದುರು ನಡೆದದ್ದನ್ನು ನೋಡಿ ಸರಿಯಾದ ಲೆಕ್ಕವನ್ನೇ ಹಾಕಿದ್ದಾನೆ. ಸಂಜೆ ಮನೆಯಲ್ಲಿ "ಜವಾಬ್ದಾರಿ ಅನ್ನೋದು ಬೇಡ್ವಾ?" ಅಂತ ಇಪ್ಪತ್ತು ನಿಮಿಷ ಭಾಷಣ ಮಾಡಿದರೂ ಆ ಲೆಕ್ಕ ಬದಲಾಗುವುದಿಲ್ಲ.

ಹದಿಹರೆಯದ ಮಕ್ಕಳು ತಮ್ಮ ತಪ್ಪಿನಿಂದ ತಾವೇ ಕಲಿಯಲಿ ಎಂಬ ಸಲಹೆ ಈಗ ಎಲ್ಲ ಕಡೆ ಸಿಗುತ್ತದೆ. ಕೇಳಲು ಚೆನ್ನಾಗಿಯೇ ಇದೆ. ಮಾಡಲು ಹೋದರೆ ಮಾತ್ರ ಸಾಲು ಸಾಲು ಪ್ರಶ್ನೆ. ಯಾವ ತಪ್ಪಿಗೆ ಬಿಡಬೇಕು? ಎಲ್ಲಿಯವರೆಗೆ ಬಿಡಬೇಕು? ಬಿಟ್ಟ ಮೇಲೆ ನಾವು ಸುಮ್ನೆ ನೋಡುತ್ತ ಕೂರಬೇಕಾ? ಇದಕ್ಕೆಲ್ಲ ಉತ್ತರ ಸಿಗಬೇಕಾದರೆ ಮೊದಲು ಒಂದು ವಿಷಯ ಗೊತ್ತಿರಬೇಕು. ತಪ್ಪಿನಿಂದ ಕಲಿಯುವಾಗ ಮಗುವಿನ ತಲೆಯೊಳಗೆ ನಡೆಯುವುದೇನು?

ತಪ್ಪು ಪಾಠವಾಗುವ ಬಗೆ

ನಮ್ಮ ಮೆದುಳು ಸದಾ ಅಂದಾಜು ಹಾಕುತ್ತಿರುತ್ತದೆ. ಹೀಗೆ ಮಾಡಿದರೆ ಹೀಗಾಗುತ್ತದೆ ಅಂತ. ಅಂದುಕೊಂಡಂತೆಯೇ ಆದರೆ ಹೊಸದಾಗಿ ಕಲಿಯುವುದೇನೂ ಇಲ್ಲ. ಅಂದಾಜು ತಪ್ಪಿದಾಗಲೇ ಮೆದುಳು ಲೆಕ್ಕ ತಿದ್ದಿಕೊಳ್ಳುವುದು. 1990ರ ದಶಕದಲ್ಲಿ ವುಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸೂಸುವ ಕೋಶಗಳನ್ನು ಗಮನಿಸಿ ಇದನ್ನು ತೋರಿಸಿದರು. ಮಂಗಕ್ಕೆ ನಿರೀಕ್ಷೆಯೇ ಇಲ್ಲದೆ ಜ್ಯೂಸ್ ಸಿಕ್ಕರೆ ಆ ಕೋಶಗಳು ಚುರುಕಾಗುತ್ತಿದ್ದವು. ಬರುತ್ತದೆ ಅಂತ ಮೊದಲೇ ಗೊತ್ತಿದ್ದ ಜ್ಯೂಸ್ ಬಂದರೆ ವಿಶೇಷವೇನೂ ಇಲ್ಲ. ಬರಬೇಕಾದದ್ದು ಬರದೇ ಹೋದರೆ ಸರಿಯಾಗಿ ಅದೇ ಹೊತ್ತಿಗೆ ಮಂಕಾಗುತ್ತಿದ್ದವು. ಅಂದುಕೊಂಡದ್ದಕ್ಕೂ ಆದದ್ದಕ್ಕೂ ನಡುವಿನ ವ್ಯತ್ಯಾಸದಲ್ಲೇ ಕಲಿಕೆ ಇರುವುದು.

ಹದಿಹರೆಯದಲ್ಲಿ ಈ ವ್ಯವಸ್ಥೆ ಜೋರಾಗಿ ಕೆಲಸ ಮಾಡುತ್ತದೆ. ಜೂಲಿಯೆಟ್ ಡೇವಿಡೋ, ಡಾಫ್ನಾ ಶೊಹಾಮಿ, ಆಡ್ರಿಯಾನಾ ಗಾಲ್ವಾನ್ ಮತ್ತು ಜೊತೆಯವರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. 13ರಿಂದ 17 ವರ್ಷದವರಿಗೂ 20 ದಾಟಿದವರಿಗೂ ಒಂದೇ ಆಟ ಕೊಟ್ಟರು. ಚಿಟ್ಟೆ ಯಾವ ಹೂವಿಗೆ ಹೋಗುತ್ತದೆ ಅಂತ ಊಹಿಸಬೇಕು. ಊಹೆ ಸರಿಯೋ ತಪ್ಪೋ ತಕ್ಷಣ ಗೊತ್ತಾಗುತ್ತದೆ. ಫಲಿತಾಂಶ ನೋಡಿಕೊಂಡು ಊಹೆ ತಿದ್ದಿಕೊಳ್ಳುತ್ತ ಹೋಗುವುದರಲ್ಲಿ ದೊಡ್ಡವರಿಗಿಂತ ಚಿಕ್ಕವರೇ ಮುಂದಿದ್ದರು. ಮಾಡಿ ನೋಡಿ ಕಲಿಯಲು ಇದಕ್ಕಿಂತ ಒಳ್ಳೆಯ ವಯಸ್ಸು ಸಿಗುವುದು ಕಷ್ಟ ಅಂತಾಯಿತು.

ಇದೇ ವಯಸ್ಸಿಗೆ ಇನ್ನೊಂದು ಮುಖವೂ ಇದೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರ್ ಮೇಲೆ ಕಾರು ಓಡಿಸುವ ಆಟ ಕೊಟ್ಟರು. ಸಿಗ್ನಲ್ ಹಳದಿ ಆಗುತ್ತದೆ. ಮುಂದೆ ಹೋದಷ್ಟೂ ಪಾಯಿಂಟ್, ಆದರೆ ಯಾವ ಕ್ಷಣದಲ್ಲಾದರೂ ಡಿಕ್ಕಿಯಾಗಬಹುದು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಜಾಸ್ತಿ ಅಪಾಯ ಮೈಮೇಲೆ ಎಳೆದುಕೊಂಡರು. 24 ದಾಟಿದವರಿಗೆ ಗೆಳೆಯರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇದರಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಸುದ್ದಿ ಇದೆ. ಅಪಾಯ ಅಂದರೇನು ಅಂತ ಮಕ್ಕಳಿಗೆ ಗೊತ್ತಿಲ್ಲದೆ ಹೀಗಾಗುತ್ತಿಲ್ಲ. ಗೊತ್ತಿದೆ. ಆ ಕ್ಷಣದಲ್ಲಿ ತಡೆದು ನಿಲ್ಲಿಸಬೇಕಾದ ಮೆದುಳಿನ ಮುಂಭಾಗ ಪೂರ್ತಿ ಪಕ್ವವಾಗಲು ಇಪ್ಪತ್ತೈದರ ಆಸುಪಾಸಿನವರೆಗೆ ಸಮಯ ತೆಗೆದುಕೊಳ್ಳುತ್ತದೆ. ಹಾಗಾಗಿ ಗೊತ್ತಿರುವ ವಿಷಯವನ್ನೇ ಹತ್ತನೇ ಸಲ ಹೇಳುವುದರಿಂದ ಹೆಚ್ಚೇನೂ ಆಗದು. ಮಾಡಿ, ಕೆಟ್ಟು, ತಿದ್ದಿಕೊಂಡ ಅನುಭವ ಸೇರುತ್ತ ಹೋಗಬೇಕು. 'ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು' ಅಂತ ಗಾದೆ ಅಣಕಿಸುತ್ತದೆ. ಆದರೆ ಬುದ್ಧಿ ಬಹಳ ಸಲ ಬರುವುದೇ ಆ ಕ್ರಮದಲ್ಲಿ. ಕೆಡುವುದು ಚಿಕ್ಕದಾಗಿರಬೇಕು, ಅಷ್ಟೇ.

ಹಾಗಾದರೆ ತಪ್ಪು ಪಾಠವಾಗಬೇಕಾದರೆ ಬೇಕಾದದ್ದು ಇಷ್ಟು. ಅದರ ಫಲ ಮಾಡಿದವರಿಗೇ ತಲುಪಬೇಕು. ಬೇಗ ತಲುಪಬೇಕು. ಯಾವುದರಿಂದ ಏನಾಯಿತು ಅಂತ ಕಣ್ಣಿಗೆ ಕಾಣಬೇಕು. ಮತ್ತು ತಡೆದುಕೊಳ್ಳುವಷ್ಟಿರಬೇಕು. ನಾವು ಮನೆಯಲ್ಲಿ ಮಾಡುವ ಬಹುಪಾಲು ಕೆಲಸ ಈ ಸರಪಳಿಯನ್ನು ಎಲ್ಲೋ ಒಂದು ಕಡೆ ಕತ್ತರಿಸುತ್ತದೆ.

ಬಚಾವ್ ಮಾಡುವುದು, ಬೈಯುವುದು

ಕತ್ತರಿಸುವ ಒಂದು ರೀತಿ ಆಗಲೇ ನೋಡಿದೆವು. ರೆಕಾರ್ಡ್ ತಲುಪಿಸಿ ಬಚಾವ್ ಮಾಡುವುದು. ಇದಕ್ಕೆ ರಾತ್ರಿ ಪಾಳಿಯೂ ಉಂಟು. ಮಾರನೇ ದಿನ ಬಯಾಲಜಿ ರೆಕಾರ್ಡ್ ಕೊಡಬೇಕು ಅಂತ ರಾತ್ರಿ ಒಂಬತ್ತಕ್ಕೆ ನೆನಪಾಗುತ್ತದೆ. ಹನ್ನೊಂದರ ಹೊತ್ತಿಗೆ ಅಮ್ಮ ಡೈನಿಂಗ್ ಟೇಬಲ್ ಮೇಲೆ ಕೂತು ಹೂವಿನ ಉದ್ದಸೀಳಿಕೆಯ ಚಿತ್ರಕ್ಕೆ ನೆರಳು ಹಾಕುತ್ತಿರುತ್ತಾರೆ, ಮಗಳು ಪಕ್ಕದಲ್ಲಿ ಆಕಳಿಸುತ್ತ ಹೆಸರು ಬರೆಯುತ್ತಿರುತ್ತಾಳೆ. ಮರುದಿನ ಟೀಚರ್ 'ಗುಡ್' ಅಂತ ಸಹಿ ಹಾಕುತ್ತಾರೆ. ಆ 'ಗುಡ್' ಯಾರಿಗೆ ಸಿಕ್ಕಿತು ಅಂತ ಮೂವರಿಗೂ ಗೊತ್ತು.

ಎರಡನೇ ರೀತಿ ಬೈಯುವುದು. ಬೈದರೆ ಪಾಠ ಕಲಿಯುತ್ತಾರೆ ಅಂತ ನಮ್ಮ ನಂಬಿಕೆ. ಹೇಗೆ ಅಂತ ನಿಧಾನವಾಗಿ ನೋಡೋಣ. ಹತ್ತನೇ ಕ್ಲಾಸಿನ ಹುಡುಗಿ ಚಾರ್ಜಿಗೆ ಹಾಕಿದ ಫೋನನ್ನು ಮಂಚದ ಅಂಚಿನಲ್ಲಿ ಇಟ್ಟಳು. ರಾತ್ರಿ ಬಿತ್ತು. ಸ್ಕ್ರೀನ್ ಮೇಲೆ ಮೂಲೆಯಿಂದ ಮೂಲೆಗೆ ಬಿರುಕು. ಅವಳು ಅದನ್ನು ಎತ್ತಿಕೊಂಡ ಕ್ಷಣದಲ್ಲಿ ಪಾಠ ಪೂರ್ತಿ ಇದೆ. ಅಂಚಿನಲ್ಲಿಟ್ಟೆ, ಬಿತ್ತು, ಒಡೆಯಿತು. ಹೊಟ್ಟೆಯಲ್ಲಿ ಸಂಕಟ. ಇನ್ನು ಯಾರೂ ಏನೂ ಸೇರಿಸಬೇಕಾಗಿಲ್ಲ.

ಈಗ ಅಪ್ಪ ಒಳಗೆ ಬರುತ್ತಾರೆ. "ಹದಿನೈದು ಸಾವಿರ ಕೊಟ್ಟು ತಂದಿದ್ದು! ಹೇಳಿದ್ದೆ ತಾನೇ, ಅಂಚಿನಲ್ಲಿ ಇಡಬೇಡ ಅಂತ? ನಿನಗೆ ದುಡ್ಡಿನ ಬೆಲೆ ಗೊತ್ತಾ? ನಿನ್ನ ವಯಸ್ಸಲ್ಲಿ ನಾನು..." ಇಲ್ಲಿಗೆ ವಿಷಯವೇ ಬದಲಾಯಿತು. ಅವಳ ಗಮನ ಒಡೆದ ಫೋನ್ ಮೇಲಿಂದ ಎದ್ದು ಅಪ್ಪನ ಮುಖದ ಮೇಲೆ ಕೂತಿತು. ಅಪ್ಪ ಎಷ್ಟು ಕೋಪದಲ್ಲಿದ್ದಾರೆ, ಇದು ಯಾವಾಗ ಮುಗಿಯುತ್ತದೆ, ಅಣ್ಣ ಹೋದ ವರ್ಷ ಬೈಕ್ ಬೀಳಿಸಿದಾಗ ಇಷ್ಟು ಬೈದಿದ್ದರಾ. ಅವಳೊಳಗೆ ಇದ್ದ ಸಂಕಟ ಸಿಟ್ಟಾಯಿತು. ಹತ್ತು ನಿಮಿಷದ ನಂತರ ಅವಳು ತಪ್ಪು ಮಾಡಿದವಳಲ್ಲ, ಅನ್ಯಾಯಕ್ಕೆ ಒಳಗಾದವಳು. ಮುಂದಿನ ಸಲ ಏನಾದರೂ ಒಡೆದರೆ ಅವಳು ಕಲಿತಿರುವುದು ಒಂದೇ. ಅಪ್ಪನಿಗೆ ಗೊತ್ತಾಗಬಾರದು.

'ನಾನಾಗ್ಲೇ ಹೇಳಿರಲಿಲ್ವಾ?' ಎಂಬ ಮಾತಿಗೆ ನನ್ನದೊಂದು ವಿಶೇಷ ತಕರಾರಿದೆ. ಬೈಗುಳದಲ್ಲಿ ಕನಿಷ್ಠ ಕಾಳಜಿ ಇರುತ್ತದೆ. ಇದರಲ್ಲಿ ಇರುವುದು ಗೆದ್ದ ಖುಷಿ. 'ಮಾಡಿದ್ದುಣ್ಣೋ ಮಹರಾಯ' ಅನ್ನುವಾಗಿನ ಖುಷಿ. ಮಕ್ಕಳು ಅದನ್ನು ಸೆಕೆಂಡಿನಲ್ಲಿ ಹಿಡಿಯುತ್ತಾರೆ.

ಮುಚ್ಚಿಡುವುದು ಎಷ್ಟು ದುಬಾರಿ ಅನ್ನುವುದಕ್ಕೆ ಸ್ವೀಡನ್ನಿನ ಒಂದು ಅಧ್ಯಯನ ನೆನಪಿಡಬೇಕು. ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ನೇ ಇಸವಿಯಲ್ಲಿ ಪ್ರಕಟಿಸಿದ್ದು. 14 ವರ್ಷದ 703 ಮಕ್ಕಳು ಮತ್ತು ಅವರ ತಂದೆ ತಾಯಿಯನ್ನು ವಿಚಾರಿಸಿದರು. ಮಕ್ಕಳ ಮೇಲೆ 'ಕಣ್ಣಿಟ್ಟಿರುವ' ಮನೆಗಳಲ್ಲಿ ತೊಂದರೆ ಕಡಿಮೆ ಅಂತ ಅಲ್ಲಿಯವರೆಗೆ ಎಲ್ಲರೂ ಹೇಳುತ್ತಿದ್ದರು. ಇವರು ಕೇಳಿದ್ದು ಬೇರೆ: ತಂದೆ ತಾಯಿಗೆ ಮಕ್ಕಳ ವಿಷಯ ಗೊತ್ತಾಗುವುದಾದರೂ ಹೇಗೆ? ಕಾವಲು ಕಾಯುವುದರಿಂದ ಅಲ್ಲ, ಕೆದಕಿ ಕೇಳುವುದರಿಂದಲೂ ಅಷ್ಟಾಗಿ ಅಲ್ಲ. ಮುಖ್ಯವಾಗಿ ಮಕ್ಕಳೇ ತಾವಾಗಿ ಬಂದು ಹೇಳುವುದರಿಂದ. ಲೊಕೇಶನ್ ಟ್ರ್ಯಾಕರ್ ಹಾಕಿ, ಫೋನ್ ತೆರೆದು ನೋಡಿ ತೃಪ್ತರಾಗುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಹದಿನೈದು ವರ್ಷದ ಮಗನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅವನು ಹೇಳಿದ್ದೇ. ಹೇಳಿದಾಗ ನಾವು ಹೇಗೆ ನಡೆದುಕೊಂಡೆವು ಅನ್ನುವುದರ ಮೇಲೆ ಮುಂದಿನ ಸಲ ಹೇಳುತ್ತಾನೋ ಇಲ್ಲವೋ ನಿಂತಿದೆ.

ತಪ್ಪು ಮಾಡಲು ಬಿಡುವುದು ಅಂದರೆ ನನ್ನ ಲೆಕ್ಕದಲ್ಲಿ ಮುಖ್ಯವಾಗಿ ಇದೇ. ತಪ್ಪಿನ ಫಲ ಮಗುವಿಗೆ ತಲುಪಬೇಕು, ತಪ್ಪಿನ ಸುದ್ದಿ ನಮಗೆ ತಲುಪಬೇಕು. ನಾವು ಸಾಮಾನ್ಯವಾಗಿ ಇದನ್ನು ತಿರುಗುಮುರುಗು ಮಾಡುತ್ತೇವೆ. ಬಚಾವ್ ಮಾಡಿ ಫಲವನ್ನು ತಡೆಯುತ್ತೇವೆ, ಬೈದು ಸುದ್ದಿಯನ್ನು ತಡೆಯುತ್ತೇವೆ.

ಶಿಕ್ಷೆಗೂ ಫಲಕ್ಕೂ ವ್ಯತ್ಯಾಸ

ವಿಯೆನ್ನಾದಲ್ಲಿ ಹುಟ್ಟಿ ಶಿಕಾಗೋದಲ್ಲಿ ನೆಲೆಸಿದ ಮನೋವೈದ್ಯ ರುಡಾಲ್ಫ್ ಡ್ರೈಕರ್ಸ್ ಕಳೆದ ಶತಮಾನದಲ್ಲಿ ಮಾಡಿದ ಒಂದು ವಿಂಗಡಣೆ ಈಗಲೂ ಕೆಲಸಕ್ಕೆ ಬರುತ್ತದೆ. ಕೆಲವು ಫಲ ತಾನಾಗಿ ಬರುತ್ತವೆ. ಯೂನಿಫಾರ್ಮ್ ಒಗೆಯಲು ಹಾಕಲಿಲ್ಲ, ಸೋಮವಾರ ಕೊಳೆ ಅಂಗಿಯಲ್ಲೇ ಹೋದ. ಕೆಲವನ್ನು ನಾವು ಏರ್ಪಾಡು ಮಾಡಬೇಕು, ಆದರೆ ತಪ್ಪಿಗೂ ಅದಕ್ಕೂ ನೇರ ಸಂಬಂಧ ಇರಬೇಕು. ಸ್ಕ್ರೀನ್ ಒಡೆಯಿತು, ರಿಪೇರಿಗೆ ಅರ್ಧ ದುಡ್ಡು ಅವಳ ಪಾಕೆಟ್ ಮನಿಯಿಂದ, ಅದು ಕೂಡುವವರೆಗೆ ಬಿರುಕಿನ ಫೋನೇ. ಮೂರನೆಯದು ಶಿಕ್ಷೆ. ಗಣಿತದಲ್ಲಿ ಮಾರ್ಕ್ಸ್ ಕಡಿಮೆ ಬಂತು, ಅದಕ್ಕೆ ಕಸಿನ್ ಮದುವೆಗೆ ಬರುವಂತಿಲ್ಲ. ಗಣಿತಕ್ಕೂ ಮದುವೆಗೂ ಏನು ಸಂಬಂಧ? ಹುಡುಗನಿಗೆ ಕಾಣುವ ಸಂಬಂಧ ಒಂದೇ. ಅಪ್ಪನಿಗೆ ಅಧಿಕಾರ ಇದೆ.

ಬರೀ ಫಲ ಸಿಕ್ಕರೂ ಸಾಲದು ಅನ್ನುವುದನ್ನೂ ಹೇಳಬೇಕು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಮನು ಕಪೂರ್ ಈ ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಶುರು ಮಾಡಿದ್ದು ಸಿಂಗಪುರದ ಶಾಲೆಗಳಲ್ಲಿ. ಪಾಠ ಮಾಡುವ ಮೊದಲೇ ಮಕ್ಕಳಿಗೆ ಲೆಕ್ಕ ಕೊಟ್ಟು ಬಿಡುವುದು. ಮಕ್ಕಳು ಒದ್ದಾಡುತ್ತಾರೆ, ಸೋಲುತ್ತಾರೆ. ಆಮೇಲೆ ಟೀಚರ್ ಬಂದು ಪಾಠ ಮಾಡುತ್ತಾರೆ. ಮೊದಲೇ ಪಾಠ ಕೇಳಿದ ಮಕ್ಕಳಿಗಿಂತ ಹೀಗೆ ಸೋತು ಪಾಠ ಕೇಳಿದವರಿಗೆ ವಿಷಯ ಆಳವಾಗಿ ಅರ್ಥವಾಗಿತ್ತು. ಶಾಲೆಯಲ್ಲಿ ಪಾಠ ಶುರುವಾಗುವ ಮುಂಚೆಯೇ ಟ್ಯೂಷನ್‌ನಲ್ಲಿ ಚಾಪ್ಟರ್ ಮುಗಿಸುವ ನಮ್ಮ ಪದ್ಧತಿ ನೆನಪಾದರೆ ಸ್ವಲ್ಪ ನಗು ಬರುತ್ತದೆ. ಆದರೆ ಇಲ್ಲಿ ಮರೆಯಬಾರದ ಮಾತು ಒಂದು. ಆ ಮಕ್ಕಳನ್ನು ಸೋತಲ್ಲಿಗೇ ಬಿಟ್ಟು ಹೋಗಲಿಲ್ಲ. ಆಮೇಲೆ ಒಬ್ಬರು ಬಂದು ಜೊತೆಗೆ ಕೂತರು.

ಹಳ್ಳಿಯಲ್ಲಿ ಬಾವಿಗೆ ಇಳಿದು ಈಜು ಕಲಿತವರಿಗೆ ಇದು ಹೊಸದಲ್ಲ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಹಗ್ಗದ ತುದಿ ಮೆಟ್ಟಿಲ ಮೇಲೆ ನಿಂತ ಮಾವನ ಕೈಯಲ್ಲಿ. ನೀರು ಕುಡಿಯುವುದು, ಕೆಮ್ಮುವುದು, ಕೈಕಾಲು ಬಡಿಯುವುದು ಎಲ್ಲ ಹುಡುಗನದೇ. ದಿನ ಕಳೆದಂತೆ ಬುರುಡೆ ಕಡಿಮೆಯಾಗುತ್ತಿತ್ತು, ಹಗ್ಗ ಸಡಿಲವಾಗುತ್ತಿತ್ತು. ಮಾವ ತಾನೇ ನೀರಿಗೆ ಇಳಿದು ಹುಡುಗನನ್ನು ಎತ್ತಿಕೊಂಡು ಈಜುತ್ತಿರಲಿಲ್ಲ.

ತಿಂಗಳ ಹನ್ನೆರಡನೇ ತಾರೀಕಿಗೆ ಖಾಲಿ

ಅಭ್ಯಾಸಕ್ಕೆ ಹಣದಷ್ಟು ಒಳ್ಳೆಯ ವಿಷಯ ಇನ್ನೊಂದಿಲ್ಲ. ತಪ್ಪು ಬೇಗ ಗೊತ್ತಾಗುತ್ತದೆ, ಲೆಕ್ಕದಲ್ಲಿ ಕಾಣುತ್ತದೆ, ಮಿತಿ ನಾವು ಹಾಕಬಹುದು. 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಎಷ್ಟು ದುಡ್ಡಿನವರೆಗೆ ಅನ್ನುವುದನ್ನು ಬ್ಯಾಂಕ್ ಗೊತ್ತು ಮಾಡುತ್ತದೆ. ಇರುವುದಕ್ಕಿಂತ ಜಾಸ್ತಿ ತೆಗೆಯಲು ಬರುವುದಿಲ್ಲ. 2024ರಲ್ಲಿ ಯುಪಿಐ ಸರ್ಕಲ್ ಬಂತು, ಒಬ್ಬರ ಖಾತೆಯಿಂದ ಮನೆಯ ಇನ್ನೊಬ್ಬರು ತಮ್ಮ ಫೋನಿನಲ್ಲೇ ಪಾವತಿ ಮಾಡುವ ವ್ಯವಸ್ಥೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಮಗಳು ಮಾಡುವ ಪ್ರತಿ ಪಾವತಿಗೂ ಅಪ್ಪ ಒಪ್ಪಿಗೆ ಒತ್ತಬೇಕು. ಇನ್ನೊಂದರಲ್ಲಿ ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿ ಬಿಟ್ಟುಬಿಡಬಹುದು. ಹೆಚ್ಚಿನವರಿಗೆ ಮೊದಲನೆಯದು ಸುರಕ್ಷಿತ ಅನ್ನಿಸುತ್ತದೆ. ಆದರೆ ಅದರಲ್ಲಿ ಮಗಳು ತಪ್ಪು ಮಾಡುವ ಅವಕಾಶವೇ ಇಲ್ಲ. ತಪ್ಪೂ ಅಪ್ಪನದೇ, ಸರಿಯೂ ಅಪ್ಪನದೇ. ಎರಡನೆಯದರಲ್ಲಿ, ಮಿತಿ ಚಿಕ್ಕದಿದ್ದರೆ, ಅವಳು ತಪ್ಪು ಮಾಡಬಹುದು.

ಮಾಡುತ್ತಾಳೆ ಕೂಡ. ಪಿಯುಸಿ ಮಗಳಿಗೆ ತಿಂಗಳಿಗೆ ಸಾವಿರದ ಐನೂರು ಅಂತ ಇಟ್ಟುಕೊಳ್ಳಿ. ರೀಚಾರ್ಜ್, ಕ್ಯಾಂಟೀನ್, ಗೆಳತಿಯರ ಹುಟ್ಟುಹಬ್ಬ ಎಲ್ಲ ಅದರಲ್ಲೇ. ಬಸ್ ಪಾಸು, ಪುಸ್ತಕ, ಫೀಸು ಇದರಲ್ಲಿ ಸೇರಿಸಬಾರದು, ಅವು ಮುಗಿದುಹೋದರೆ ನಷ್ಟ ತೀರಾ ದೊಡ್ಡದು. ಹನ್ನೆರಡನೇ ತಾರೀಕಿಗೆ ಅವಳು ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ಲುತ್ತಾಳೆ.

"ಅಮ್ಮ, ದುಡ್ಡು ಮುಗೀತು."

"ಹೌದಾ? ಯಾವುದಕ್ಕೆ ಹೋಯ್ತು?"

"ಗೊತ್ತಿಲ್ಲ. ಹಾಗೇ ಹೋಯ್ತು. ಎರಡು ಸಲ ಪಿಜ್ಜಾ."

"ಅಯ್ಯೋ. ಈಗೇನು ಮಾಡ್ತೀಯ?"

"ಅಡ್ವಾನ್ಸ್ ಕೊಡ್ತೀಯಾ?"

"ಅಡ್ವಾನ್ಸ್ ಇಲ್ಲ. ಡಬ್ಬಿಗೆ ಏನು ಬೇಕು ಹೇಳು, ಎರಡು ಚಪಾತಿ ಜಾಸ್ತಿ ಹಾಕ್ತೀನಿ."

ಇಷ್ಟೇ. ಪಿಜ್ಜಾ ಬಗ್ಗೆ ಉಪನ್ಯಾಸ ಇಲ್ಲ. ಮುಖ ಊದಿಸಿಕೊಂಡು ಹೋಗುತ್ತಾಳೆ. ಅಮ್ಮನಿಗೆ ಕರುಳು ಚುರ್ ಎನ್ನುತ್ತದೆ. ಸಂಜೆ ಅಪ್ಪ ಗುಟ್ಟಾಗಿ ಐನೂರು ಕಳಿಸಿದರೆ ಎಲ್ಲವೂ ನೀರಲ್ಲಿ ಹೋಮ ಮಾಡಿದಂತೆ. (ಅಪ್ಪ ಕಳಿಸದಿದ್ದರೆ ಅಜ್ಜಿ ಕಳಿಸುತ್ತಾರೆ. ಅಜ್ಜಿಗೂ ಈಗ ಫೋನ್ ಪೇ ಬರುತ್ತದೆ.) ಒಂದನೇ ತಾರೀಕಿನವರೆಗೆ ಕಾಯಬೇಕು. ಎರಡು ಮೂರು ತಿಂಗಳು ಹೀಗೇ ಆಗಬಹುದು. ಒಂದೇ ಸಲಕ್ಕೆ ಬುದ್ಧಿ ಬರುತ್ತದೆ ಅಂತ ಯಾರೂ ಹೇಳಿಲ್ಲ. ನಮಗೂ ಸಂಬಳ ಬಂದ ವಾರ ಏನಾಗುತ್ತದೆ ಅಂತ ಗೊತ್ತಲ್ವಾ?

ಇಲ್ಲಿ ಬಿಡಲೇಬಾರದು

ಕೆಲವು ತಪ್ಪುಗಳಲ್ಲಿ ಎರಡನೇ ಸಲ ಅನ್ನುವುದೇ ಇಲ್ಲ. ಅಲ್ಲಿ ಕಲಿಕೆಯ ಮಾತು ಎತ್ತಲೇಬಾರದು. ಗಾಡಿ, ನೀರು, ಡ್ರಗ್ಸ್. ಜಲಾಶಯ, ಕಲ್ಲು ಕ್ವಾರಿ, ಹೊಳೆಯ ಸುಳಿ, ಸಮುದ್ರ ಇವು 'ಅನುಭವ'ದಿಂದ ಕಲಿಯುವ ಜಾಗಗಳಲ್ಲ. 18 ತುಂಬದವರ ಅಶ್ಲೀಲ ಫೋಟೋ, ವಿಡಿಯೋ ಕಳಿಸುವುದು, ಫಾರ್ವರ್ಡ್ ಮಾಡುವುದು ಐಟಿ ಕಾಯ್ದೆ, ಪೋಕ್ಸೊ ಕಾಯ್ದೆ ಎರಡಕ್ಕೂ ಸಿಕ್ಕಿಕೊಳ್ಳುತ್ತದೆ. ಹುಡುಗರು ತಮಾಷೆ ಅಂದುಕೊಂಡದ್ದು ಕೇಸಾಗುತ್ತದೆ, ಆ ಹುಡುಗಿಯ ಬದುಕಿನ ಮೇಲಿನ ಹೊರೆ ಅದಕ್ಕಿಂತ ದೊಡ್ಡದು.

ಗಾಡಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ತಪ್ಪು ಮಾಡುವವರು ಮಕ್ಕಳಿಗಿಂತ ಅಪ್ಪಂದಿರೇ ಜಾಸ್ತಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಸೆಕ್ಷನ್ ಸೇರಿತು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರನ್ನು ಅಥವಾ ಗಾಡಿಯ ಮಾಲೀಕರನ್ನೇ ತಪ್ಪಿತಸ್ಥರು ಅಂತ ಹಿಡಿಯುತ್ತಾರೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲರ್ನರ್ ಲೈಸೆನ್ಸ್ ಸಿಗುವುದಿಲ್ಲ. 16ಕ್ಕೆ ಓಡಿಸಬಹುದಲ್ವಾ ಅಂತ ಕೆಲವರು ವಾದ ಮಾಡುತ್ತಾರೆ. ಕಾಯ್ದೆ ಹೇಳುವುದು 50 ಸಿಸಿಯವರೆಗಿನ ಇಂಜಿನ್ನಿನ ಗಾಡಿಗೆ, ಅದೂ ಲೈಸೆನ್ಸ್ ಇದ್ದರೆ. ಮನೆ ಮುಂದೆ ನಿಂತಿರುವ ಪೆಟ್ರೋಲ್ ಸ್ಕೂಟರ್ ಸಾಮಾನ್ಯವಾಗಿ 100 ಸಿಸಿಗಿಂತ ಮೇಲಿನದು.

ನನಗೆ ಅರ್ಥವೇ ಆಗದ ವಿಷಯ ಇದು. ಯೂನಿಟ್ ಟೆಸ್ಟಿನಲ್ಲಿ ನಾಲ್ಕು ಮಾರ್ಕ್ಸ್ ಹೋದರೆ ಮನೆಯಲ್ಲಿ ವಿಚಾರಣೆ ನಡೆಸುವ ಅಪ್ಪ, ಅದೇ ಹುಡುಗನಿಗೆ 'ಮೂಲೆ ಅಂಗಡಿಯಿಂದ ಹಾಲು ತಾ' ಅಂತ ಸ್ಕೂಟರ್ ಕೀ ಎಸೆಯುತ್ತಾರೆ. ತಿದ್ದಿಕೊಳ್ಳಬಹುದಾದ ತಪ್ಪಿಗೆ ಬಿಗಿ, ತಿದ್ದಿಕೊಳ್ಳಲಾಗದ ತಪ್ಪಿಗೆ ಸಡಿಲ. ಪೂರ್ತಿ ತಲೆಕೆಳಗು. ಪರೀಕ್ಷೆಯಲ್ಲಿ ಸೋತವರಿಗೆ ಅದೇ ವರ್ಷ ಮತ್ತೆ ಬರೆಯುವ ದಾರಿ ಇರಬೇಕು ಅಂತ ಸರ್ಕಾರವೇ ಒಪ್ಪಿಕೊಂಡಿದೆ. 2024ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಿ, ಮೂರರಲ್ಲಿ ಒಳ್ಳೆಯ ಅಂಕ ಉಳಿಸಿಕೊಳ್ಳಲು ಬಿಟ್ಟರು. ರಸ್ತೆ ಅಂಥ ಅವಕಾಶ ಕೊಡುವುದಿಲ್ಲ.

ತಪ್ಪಲ್ಲದ್ದು, ತಪ್ಪಿಗಿಂತ ದೊಡ್ಡದು

ಬೆಳಗ್ಗೆ ಏಳದಿರುವುದನ್ನು ನಾವು ಸೋಮಾರಿತನದ ಪಟ್ಟಿಗೆ ಸೇರಿಸುತ್ತೇವೆ. ಪೂರ್ತಿ ನ್ಯಾಯವಲ್ಲ. ಹದಿಹರೆಯಕ್ಕೆ ಬಂದ ಮೇಲೆ ದೇಹದ ಗಡಿಯಾರವೇ ಹಿಂದೆ ಸರಿಯುತ್ತದೆ, ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಬರುತ್ತದೆ ಅಂತ ಮೇರಿ ಕಾರ್ಸ್ಕಡನ್ ಮುಂತಾದವರು ದಶಕಗಳ ಹಿಂದೆಯೇ ತೋರಿಸಿದ್ದಾರೆ. ಜೊತೆಗೆ ಫೋನ್ ಸೇರಿದರೆ ಕೇಳುವುದೇ ಬೇಡ. ಅಲಾರಂ ಜವಾಬ್ದಾರಿ ಅವನದೇ ಇರಲಿ, ಬಸ್ ತಪ್ಪಿದರೆ ತಪ್ಪಲಿ. ಆದರೆ ಬೆಳಗ್ಗೆ ಐದಕ್ಕೆ ಎದ್ದು ಓದಲಿಲ್ಲ ಅಂತ ಅವನ ಗುಣವನ್ನೇ ದೂರುವುದು ಬೇಡ.

ಇನ್ನೊಂದು ಕಡೆ, ಒಂದರ ಮೇಲೊಂದು ಸೋಲು ಬರುತ್ತಿದ್ದು, ಮಗು ಯಾವುದರಿಂದಲೂ ಏನೂ ಕಲಿಯದೆ ಬರಬರುತ್ತ ಮಂಕಾಗುತ್ತಿದ್ದರೆ 'ಬಿಟ್ಟು ನೋಡೋಣ' ಅನ್ನುವುದು ತಪ್ಪು. ಸೋಲು ಕಲಿಸುವುದು ಮುಂದಿನ ಸಲ ನನ್ನ ಕೈಯಲ್ಲಿ ಏನೋ ಇದೆ ಅನ್ನಿಸಿದಾಗ ಮಾತ್ರ. ಸ್ಟೀವನ್ ಮಾಯರ್ ಮತ್ತು ಮಾರ್ಟಿನ್ ಸೆಲಿಗ್ಮನ್ 1960ರ ದಶಕದಲ್ಲಿ ಅಸಹಾಯಕತೆಯ ಬಗ್ಗೆ ಪ್ರಯೋಗ ಮಾಡಿ, ಅಸಹಾಯಕತೆ ಕಲಿತು ಬರುವಂಥದ್ದು ಎಂದಿದ್ದರು. 2016ರಲ್ಲಿ ತಮ್ಮ ಮಾತನ್ನು ತಾವೇ ತಿರುಗಿಸಿದರು. ಕಷ್ಟ ಬಹಳ ಕಾಲ ಉಳಿದರೆ ಕೈಚೆಲ್ಲಿ ಕೂರುವುದೇ ಮೆದುಳಿನ ಸಹಜ ಸ್ವಭಾವ, ಕಲಿಯಬೇಕಾದದ್ದು 'ನನ್ನಿಂದ ಇದನ್ನು ಬದಲಿಸಬಹುದು' ಎಂಬುದನ್ನು. ನಿದ್ದೆ, ಊಟ, ಗೆಳೆಯರು ಎಲ್ಲ ಬದಲಾಗಿದ್ದರೆ, ಸಾಯುವ ಮಾತು ಬಂದರೆ ಅದು ಪಾಠದ ಹೊತ್ತಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಇದೆ, 24 ಗಂಟೆಯೂ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.

ಎಲ್ಲರ ತಪ್ಪಿಗೂ ಒಂದೇ ಬೆಲೆ ಇಲ್ಲ

ಇಂಥ ಸಲಹೆಗಳು ಸಾಮಾನ್ಯವಾಗಿ ನುಂಗಿಬಿಡುವ ಮಾತು ಇದು. ತಪ್ಪಿನ ಬೆಲೆ ಮನೆಯಿಂದ ಮನೆಗೆ ಬೇರೆ. ಉಳ್ಳವರ ಮನೆಯ ಹುಡುಗ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು ಆಗದೆ ಕಾಮರ್ಸಿಗೆ ಬಂದರೆ ಒಂದು ವರ್ಷ ಹೋಯಿತು, ಅಷ್ಟೇ. ಸಾಲ ಮಾಡಿ ಫೀಸು ಕಟ್ಟಿದ ಮನೆಯಲ್ಲಿ ಆ ವರ್ಷ ತಂಗಿಯ ಓದನ್ನೂ ನುಂಗಬಹುದು. ಅಲ್ಲಿನ ಅಪ್ಪ ಅಮ್ಮ ಬಿಗಿ ಹಿಡಿದರೆ ಅದನ್ನು ಅಜ್ಞಾನ ಅನ್ನುವ ಹಕ್ಕು ನಮಗಿಲ್ಲ. ಆದರೂ ಅಂಥ ಮನೆಯ ಮಕ್ಕಳು ಇನ್ನೊಂದು ದಾರಿಯಲ್ಲಿ ಕಲಿಯುತ್ತಿರುತ್ತಾರೆ. ರಜೆಯಲ್ಲಿ ಅಂಗಡಿಯಲ್ಲಿ ಕೂತು ಚಿಲ್ಲರೆ ತಪ್ಪು ಕೊಟ್ಟು, ಸಂತೆಯಲ್ಲಿ ಹೂವಿನ ರೇಟು ತಪ್ಪಾಗಿ ಹೇಳಿ. ತಪ್ಪು ಮಾಡುವ ಜಾಗವೇ ಇಲ್ಲದಂತಾಗಿರುವುದು ಹೆಚ್ಚಾಗಿ ಮಧ್ಯಮ ವರ್ಗದ ಮಕ್ಕಳಿಗೆ.

ಹೆಣ್ಣುಮಕ್ಕಳ ಕಥೆ ಬೇರೆಯೇ. ಮಗ ಒಂದು ಗಂಟೆ ತಡವಾಗಿ ಬಂದರೆ 'ಹುಡುಗ್ರು ಹಾಗೇ'. ಮಗಳು ಇಪ್ಪತ್ತು ನಿಮಿಷ ತಡ ಮಾಡಿದರೆ ಕಾಲೇಜು ಬಿಡಿಸುವ ಮಾತು. ತಪ್ಪಿನ ಸಹಜ ಫಲ ಇಬ್ಬರಿಗೂ ಒಂದೇ, ಊಟ ಆರಿರುತ್ತದೆ. ಉಳಿದದ್ದೆಲ್ಲ ನಾವು ಸೇರಿಸಿದ್ದು, 'ಜನ ಏನಂತಾರೆ' ಎಂಬ ಲೆಕ್ಕದಲ್ಲಿ. ಹೀಗೆ ಬೆಳೆದ ಹುಡುಗಿ ಹದಿನೆಂಟಕ್ಕೆ ಬೇರೆ ಊರಿನ ಹಾಸ್ಟೆಲಿಗೆ ಹೋದಾಗ ಚಿಕ್ಕ ತಪ್ಪು ಮಾಡಿ ತಿದ್ದಿಕೊಂಡ ಅನುಭವ ಇಲ್ಲದೆ ನೇರ ದೊಡ್ಡ ತಪ್ಪಿನ ಎದುರು ನಿಲ್ಲುತ್ತಾಳೆ. ಮನೆಗೆ ಹೇಳುವ ಧೈರ್ಯವೂ ಇರುವುದಿಲ್ಲ. ಫೋಟೋ ಇಟ್ಟುಕೊಂಡು ಹೆದರಿಸುವವರು ನಂಬಿಕೊಂಡಿರುವುದು ಇದನ್ನೇ.

ಶಾಲೆಗಳ ಪಾಲೂ ಇದರಲ್ಲಿದೆ. ಒಂಬತ್ತನೇ ಕ್ಲಾಸಿನವರ ಹೋಮ್‌ವರ್ಕ್ ದಿನಾ ಸಂಜೆ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿಗೆ ಬಂದರೆ ಹುಡುಗ ಡೈರಿ ಬರೆಯುವುದು ಯಾಕೆ? ರೆಕಾರ್ಡ್ ತರದಿದ್ದರೆ 'ಮನೆಯಲ್ಲಿ ನೋಡಿಕೊಳ್ಳುವುದಿಲ್ವಾ?' ಅಂತ ಫೋನ್ ಬರುವುದು ಅಮ್ಮನಿಗೆ. ಕ್ಲಾಸ್ ಟೀಚರ್ ಹತ್ತಿರ ಮೊದಲೇ ಒಂದು ಮಾತು ಆಡಿಟ್ಟರೆ ಒಳ್ಳೆಯದು. 'ಇನ್ನು ಮೇಲೆ ಅವನು ಮರೆತದ್ದನ್ನು ನಾವು ತಂದುಕೊಡುವುದಿಲ್ಲ, ಎರಡು ಮಾರ್ಕ್ಸ್ ಕಟ್ ಮಾಡಿ, ಪರವಾಗಿಲ್ಲ.' ಮಗನಿಗೂ ಮೊದಲೇ ಹೇಳಿರಬೇಕು. ಮುನ್ಸೂಚನೆ ಇಲ್ಲದೆ ಒಂದು ಬೆಳಗ್ಗೆ ಕೈಬಿಟ್ಟರೆ ಅದು ದ್ರೋಹದಂತೆ ಕಾಣುತ್ತದೆ.

ಇನ್ನೊಂದು ಮಾತೂ ಮೊದಲೇ ಆಗಿರಬೇಕು. ಬಿಡಲೇಬಾರದ ಜಾಗಗಳಿಗೂ ಮಕ್ಕಳು ಹೋಗುತ್ತಾರೆ. ಪಾರ್ಟಿಯಲ್ಲಿ ಎಲ್ಲರೂ ಕುಡಿದಿದ್ದಾರೆ, ಕರೆದುಕೊಂಡು ಬಂದವನೇ ಕುಡಿದಿದ್ದಾನೆ, ರಾತ್ರಿ ಹನ್ನೊಂದೂವರೆ. ಅಂಥ ಹೊತ್ತಲ್ಲಿ 'ಬಂದು ಕರ್ಕೊಂಡ್ ಹೋಗಿ' ಅಂತ ಫೋನ್ ಬಂದರೆ ಹೋಗುವುದು, ಆ ರಾತ್ರಿ ಏನೂ ಕೇಳದಿರುವುದು. ಮಾತು ಮಾರನೇ ದಿನ, ತಿಂಡಿ ಆದ ಮೇಲೆ. ಆಗ ಕೇಳಬೇಕಾದ್ದನ್ನೆಲ್ಲ ಕೇಳಿ, ಒಂದು ತಿಂಗಳು ಹೊರಗೆ ಹೋಗುವುದು ನಿಲ್ಲಿಸಬೇಕಾದರೆ ನಿಲ್ಲಿಸಿ. ಆದರೆ ಕಾರಿನಲ್ಲಿ ಆ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿರುವುದು ಅಪ್ಪನ ಪಾಲಿನ ಕೆಲಸ. ಅಷ್ಟು ಆಗದಿದ್ದರೆ ಮುಂದಿನ ಸಲ ಆ ಫೋನ್ ಇನ್ನೊಬ್ಬ ಗೆಳೆಯನಿಗೆ ಹೋಗುತ್ತದೆ. ಅವನಿಗೂ ಹದಿನಾರೇ, ಅವನ ಹತ್ತಿರವೂ ಲೈಸೆನ್ಸ್ ಇರುವುದಿಲ್ಲ.